ಸೀಸ ಕರಗಿಸಿ ರಿವಾಲ್ವರ್ ಚರಿತ್ರೆ ಬದಲಿಸಿದ ದನಗಾಹಿ: .44 ಮ್ಯಾಗ್ನಂ ಹಿಂದಿನ ಎಲ್ಮರ್ ಕೀತ್ ಬದುಕು

1971ರಲ್ಲಿ ತೆರೆಕಂಡ 'ಡರ್ಟಿ ಹ್ಯಾರಿ' ಸಿನಿಮಾ ನೋಡಿದವರಿಗೆ ಕ್ಲಿಂಟ್ ಈಸ್ಟ್‌ವುಡ್ ಕೈಯಲ್ಲಿದ್ದ ಆ ಉದ್ದನೆಯ ರಿವಾಲ್ವರ್ ನೆನಪಿರುತ್ತದೆ. ಸ್ಮಿತ್ ಆ್ಯಂಡ್ ವೆಸನ್ ಕಂಪನಿಯ ಮಾಡೆಲ್ 29, .44 ಮ್ಯಾಗ್ನಂ. ಆ ಸಿನಿಮಾ ಬಂದ ಮೇಲೆ ಅಮೆರಿಕದಲ್ಲಿ ಈ ರಿವಾಲ್ವರ್‌ಗೆ ಎಲ್ಲಿಲ್ಲದ ಬೇಡಿಕೆ ಬಂತು. ಆದರೆ ಅದರ ಗುಂಡು ಹುಟ್ಟಿದ್ದು ಹಾಲಿವುಡ್‌ನಲ್ಲೂ ಅಲ್ಲ, ದೊಡ್ಡ ಕಾರ್ಖಾನೆಯ ಪ್ರಯೋಗಾಲಯದಲ್ಲೂ ಅಲ್ಲ. ಒಬ್ಬ ದನಗಾಹಿ ತನ್ನ ಮನೆಯಲ್ಲಿ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಒಂದೊಂದೇ ಗುಂಡನ್ನು ಕೈಯಾರೆ ತಯಾರಿಸಿ, ಸುಮಾರು ಮೂರು ದಶಕ ಹಟ ಹಿಡಿದು ಬರೆದಿದ್ದರ ಫಲ ಅದು. ಆತನ ಹೆಸರು ಎಲ್ಮರ್ ಕೀತ್.

ಕುಳ್ಳ ದೇಹ, ತಲೆಯ ಮೇಲೆ ದೊಡ್ಡ ಸ್ಟೆಟ್ಸನ್ ಹ್ಯಾಟ್, ಬಾಯಲ್ಲಿ ಸಿಗಾರ್. ಫೋಟೊಗಳಲ್ಲಿ ಕೀತ್ ಕಾಣಿಸುವುದು ಹೀಗೆ. ಆ ಹ್ಯಾಟ್‌ನ ಕೆಳಗಿದ್ದದ್ದು ಬಾಲ್ಯದಲ್ಲೇ ಸಾವಿನ ಬಾಗಿಲು ತಟ್ಟಿ ಬಂದ ಮನುಷ್ಯ.

ಬೆಂಕಿಯಲ್ಲಿ ಬೆಂದ ಕೈ

ಕೀತ್ ಹುಟ್ಟಿದ್ದು 1899ರ ಮಾರ್ಚ್ 8ರಂದು, ಮಿಸೌರಿ ರಾಜ್ಯದ ಹಾರ್ಡಿನ್ ಎಂಬಲ್ಲಿ. ಚಿಕ್ಕಂದಿನಲ್ಲೇ ಕುಟುಂಬ ಪಶ್ಚಿಮದ ಮೊಂಟಾನಾಕ್ಕೆ ವಲಸೆ ಹೋಯಿತು. ಅಲ್ಲಿನ ಮಿಸೌಲಾ ಪಟ್ಟಣದಲ್ಲಿ ಅವರು ತಂಗಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಬಾಲಕ ಎಲ್ಮರ್‌ಗೆ ಆಗ ಸುಮಾರು 12 ವರ್ಷ. ಮುಖ, ಕುತ್ತಿಗೆ, ಭುಜ ಎಲ್ಲ ಸುಟ್ಟುಹೋದವು. ಎಡಗೈ ಮುರುಟಿ, ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು.

ಹುಡುಗ ಉಳಿಯುವ ಭರವಸೆ ಯಾರಿಗೂ ಇರಲಿಲ್ಲ. ಆದರೂ ಉಳಿದ. ಕೈ ಮಾತ್ರ ಕೆಲಸಕ್ಕೆ ಬಾರದಂತಾಗಿತ್ತು. ಕೀತ್ ಮುಂದೆ ಆತ್ಮಕಥೆಯಲ್ಲಿ ಹೇಳಿಕೊಂಡಂತೆ, ಆ ಕೈಯನ್ನು ಮುರಿದು ನೇರ ಮಾಡಿ ಎಂದು ಆತನೇ ಹೆತ್ತವರನ್ನು ಕೇಳಿಕೊಂಡ. ಅವರು ಮನೆಯಲ್ಲೇ ಬೆರಳುಗಳನ್ನು ಬಿಡಿಸಿ, ಹಲಗೆಗೆ ಕಟ್ಟಿ, ತಿಂಗಳುಗಟ್ಟಲೆ ಆರೈಕೆ ಮಾಡಿದರು. ಕೈ ಪೂರ್ತಿ ಸರಿಹೋಗಲಿಲ್ಲ. ಆದರೆ ಕುದುರೆಯ ಲಗಾಮು ಹಿಡಿಯಲು, ಬಂದೂಕಿನ ನಳಿಕೆಗೆ ಆಸರೆ ಕೊಡಲು ಸಾಕಾಯಿತು.

ಈ ಕೈಯನ್ನು ಮರೆತರೆ ಮುಂದಿನ ಕಥೆ ಅರ್ಥವಾಗದು. ಒದೆತ ಜೋರಾಗಿರುವ ದೊಡ್ಡ ರಿವಾಲ್ವರ್‌ಗಳಿಗೆ ಲೋಕಪ್ರಸಿದ್ಧನಾದ ವ್ಯಕ್ತಿಗೆ ಎರಡು ಸರಿಯಾದ ಕೈಗಳೇ ಇರಲಿಲ್ಲ.

ಹಿರಿಯರಿಂದ ಕಲಿತ ಪಾಠ

ಮೊಂಟಾನಾದಲ್ಲಿ ಆಗಿನ್ನೂ ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ್ದ ಮುದುಕರು ಬದುಕಿದ್ದರು. ಹುಡುಗ ಕೀತ್ ಅವರ ಸುತ್ತ ಸುಳಿದಾಡುತ್ತಿದ್ದ. ಕೇಪು, ಮದ್ದು, ಸೀಸದ ಉಂಡೆ ಇವನ್ನು ಬೇರೆಬೇರೆಯಾಗಿ ತುಂಬುವ ಹಳೇ ಕೋಲ್ಟ್ ರಿವಾಲ್ವರ್ ಬಳಸುವುದನ್ನು ಅವರಿಂದಲೇ ಕಲಿತ. ಚೂಪು ಮೂತಿಯ ಗುಂಡಿಗಿಂತ ದುಂಡನೆಯ ಸೀಸದ ಉಂಡೆಯೇ ಹೆಚ್ಚು ಪರಿಣಾಮಕಾರಿ ಎಂಬುದು ಆ ಹಿರಿಯರ ಅನುಭವ. ಚೂಪು ಗುಂಡು ಮಾಂಸವನ್ನು ಸರಿಸಿಕೊಂಡು ತೂರಿಹೋಗುತ್ತದೆ. ಮೊಂಡು ಗುಂಡು ತನ್ನ ದಾರಿಯನ್ನು ಕತ್ತರಿಸಿಕೊಂಡು ಹೋಗುತ್ತದೆ. ಈ ಮಾತು ಕೀತ್ ತಲೆಯಲ್ಲಿ ಕೂತುಬಿಟ್ಟಿತು.

ಯುವಕನಾದ ಮೇಲೆ ದನ ಮೇಯಿಸುವುದು, ಕಾಡುಕುದುರೆ ಪಳಗಿಸುವುದು, ಬೇಟೆಗಾರರಿಗೆ ದಾರಿ ತೋರಿಸುವುದು ಕೀತ್ ವೃತ್ತಿಯಾಯಿತು. 1920ರ ದಶಕದಲ್ಲಿ ನ್ಯಾಷನಲ್ ಗಾರ್ಡ್ ತಂಡದ ಸದಸ್ಯರಾಗಿ ಒಹಾಯೊದ ಕ್ಯಾಂಪ್ ಪೆರಿಯಲ್ಲಿ ನಡೆಯುವ ರಾಷ್ಟ್ರೀಯ ರೈಫಲ್ ಸ್ಪರ್ಧೆಗಳಲ್ಲಿ ಪಾಲ್ಗೊಂಡರು. 1926ರಲ್ಲಿ ಲೊರೇನ್ ರ‍್ಯಾಂಡಲ್ ಅವರನ್ನು ಮದುವೆಯಾದರು. ಮೊದಲು ಓರೆಗಾನ್‌ನ ಡರ್ಕೀ ಬಳಿ, ನಂತರ ಐಡಹೊ ರಾಜ್ಯದ ಸಾಮನ್ ನದಿ ಕಣಿವೆಯಲ್ಲಿ ಈ ದಂಪತಿ ಸಂಸಾರ ಹೂಡಿದರು. ದುಡ್ಡಿಗೆ ಯಾವಾಗಲೂ ಪರದಾಟವೇ.

ಸಿಡಿದ ರಿವಾಲ್ವರ್

1925ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಸಂಭ್ರಮಕ್ಕೆಂದು ಕೀತ್ ಮನೆಯ ಮಹಡಿಯಿಂದ ಗಾಳಿಯಲ್ಲಿ ಗುಂಡು ಹಾರಿಸಿದರು. ಕೈಯಲ್ಲಿದ್ದದ್ದು .45 ಕೋಲ್ಟ್ ರಿವಾಲ್ವರ್. ಅದರೊಳಗೆ ತುಂಬಿದ್ದದ್ದು ರೈಫಲ್‌ಗೆ ಮೀಸಲಾದ ಭಾರವಾದ ಸೀಸದ ಗುಂಡು ಮತ್ತು ಕಪ್ಪು ಮದ್ದು. ರಿವಾಲ್ವರ್ ಸಿಡಿಯಿತು. ಸಿಲಿಂಡರ್‌ನ ಮೇಲರ್ಧ ಮತ್ತು ಅದರ ಮೇಲಿನ ಉಕ್ಕಿನ ಪಟ್ಟಿ ಹಾರಿಹೋದವು. ಕೀತ್‌ಗೆ ಗಂಭೀರ ಗಾಯವಾಗದಿದ್ದದ್ದು ಅದೃಷ್ಟ.

ಇನ್ನೊಬ್ಬರಾಗಿದ್ದರೆ ಗುಂಡು ತಯಾರಿಸುವ ಹವ್ಯಾಸವನ್ನೇ ಕೈಬಿಡುತ್ತಿದ್ದರೇನೋ. ಕೀತ್ ಬೇರೆ ಲೆಕ್ಕ ಹಾಕಿದರು. ಸಿಲಿಂಡರ್‌ನ ಗಾತ್ರ ಅಷ್ಟೇ ಇದ್ದು, ಅದರಲ್ಲಿ ಆರು ದೊಡ್ಡ ರಂಧ್ರ ಕೊರೆದರೆ ರಂಧ್ರಗಳ ನಡುವಿನ ಗೋಡೆ ತೆಳುವಾಗುತ್ತದೆ. ರಂಧ್ರ ಸ್ವಲ್ಪ ಚಿಕ್ಕದಾದರೆ ಗೋಡೆ ದಪ್ಪವಾಗುತ್ತದೆ, ಒತ್ತಡ ತಡೆಯುವ ಶಕ್ತಿ ಹೆಚ್ಚುತ್ತದೆ. ಹಾಗಾಗಿ .45 ಬಿಟ್ಟು .44 ಸ್ಪೆಷಲ್ ಕಡೆಗೆ ಹೊರಳಿದರು. ಸಿಡಿದ ರಿವಾಲ್ವರ್‌ನ ಅನುಭವವನ್ನು 'ಅಮೆರಿಕನ್ ರೈಫಲ್‌ಮನ್' ಪತ್ರಿಕೆಗೆ ಬರೆದರು. ಅವರ ಬರವಣಿಗೆ ಶುರುವಾದದ್ದೇ ಹೀಗೆ.

ಒಂದು ಗುಂಡಿನ ಹಿಂದಿನ ಲೆಕ್ಕಾಚಾರ

.44 ಸ್ಪೆಷಲ್ ಆಗಿನ ಕಾಲಕ್ಕೆ ಸೌಮ್ಯವಾದ ಕಾಡತೂಸು. ಕಾರ್ಖಾನೆಯಿಂದ ಬರುತ್ತಿದ್ದ ಅದರ ದುಂಡು ಮೂತಿಯ ಗುಂಡಿನ ವೇಗ ಸೆಕೆಂಡಿಗೆ 750 ಅಡಿಯ ಆಸುಪಾಸು. ನಿಖರತೆ ಚೆನ್ನಾಗಿತ್ತು, ಬಲ ಸಾಲದು ಎಂಬುದು ಕೀತ್ ತಕರಾರು. ಬೇಟೆಯ ಪ್ರಾಣಿ ಗಾಯಗೊಂಡು ಓಡಿಹೋಗಿ ದಿನಗಟ್ಟಲೆ ನರಳಿ ಸಾಯುವುದನ್ನು ಅವರು ಕಣ್ಣಾರೆ ಕಂಡಿದ್ದರು. ಅವರ ಪಾಲಿಗೆ ನಿಖರತೆ ಮತ್ತು ಬಲ ಎರಡೂ ಒಂದೇ ಜವಾಬ್ದಾರಿಯ ಎರಡು ಮುಖಗಳು.

1920ರ ದಶಕದ ಕೊನೆಗೆ ಅವರು ತಮ್ಮದೇ ಗುಂಡಿನ ನಕ್ಷೆ ರೂಪಿಸಿದರು. ಲೈಮನ್ ಕಂಪನಿ ಅದಕ್ಕೆ ಅಚ್ಚು ಮಾಡಿಕೊಟ್ಟಿತು. ಆ ಅಚ್ಚಿನ ಸಂಖ್ಯೆ 429421. ಗುಂಡಿನ ತೂಕ ಸುಮಾರು 250 ಗ್ರೇನ್, ಅಂದರೆ 16 ಗ್ರಾಂ. .45ಕ್ಕೆ ಮತ್ತು .38ಕ್ಕೆ ಇದೇ ಮಾದರಿಯ ಬೇರೆ ಅಚ್ಚುಗಳು ಬಂದವು. ಇಂದಿಗೂ ಶೂಟಿಂಗ್ ಲೋಕದಲ್ಲಿ ಇದರ ಹೆಸರು 'ಕೀತ್ ಗುಂಡು'.

ಹೊರಗಿನಿಂದ ನೋಡಿದರೆ ಅದು ಸೀಸದ ಒಂದು ತುಂಡು ಅಷ್ಟೆ. ಆದರೆ ಅದರ ಪ್ರತಿ ಅಂಚಿಗೂ ಒಂದು ಕೆಲಸವಿದೆ. ಮೂತಿ ಚಪ್ಪಟೆ, ಗುರಿಯನ್ನು ತಳ್ಳದೆ ಕತ್ತರಿಸಲಿ ಎಂದು. ಅದರ ಹಿಂದೆ ಚೂಪಾದ ಅಂಚಿನ ಭುಜ, ಕಾಗದದ ಗುರಿಯಲ್ಲೂ ದುಂಡನೆಯ ತೂತು ಬೀಳಿಸಲು. ಗುಂಡಿನ ಮೈಮೇಲೆ ಮೂರು ಅಗಲವಾದ ಪಟ್ಟಿಗಳು. ಮೊದಲ ಪಟ್ಟಿ ಹಿತ್ತಾಳೆ ಕೇಸಿನಿಂದ ಹೊರಗೆ ಇಣುಕುತ್ತದೆ.

ಈ ಹೊರಗಿಣುಕುವ ಪಟ್ಟಿಯಲ್ಲೇ ನಿಖರತೆಯ ಗುಟ್ಟಿದೆ. ರೈಫಲ್‌ನಲ್ಲಿ ಗುಂಡು ಕೂರುವ ಜಾಗ ಮತ್ತು ನಳಿಕೆ ಒಂದೇ ತುಂಡು. ರಿವಾಲ್ವರ್‌ನಲ್ಲಿ ಹಾಗಲ್ಲ. ತಿರುಗುವ ಸಿಲಿಂಡರ್‌ನಲ್ಲಿ ಆರು ಮನೆಗಳು. ಒಂದೊಂದು ಮನೆಯೂ ಸರದಿಯಂತೆ ನಳಿಕೆಯ ಮುಂದೆ ಬಂದು ನಿಲ್ಲಬೇಕು. ನಡುವೆ ಕೂದಲೆಳೆಯಷ್ಟು ಸಂದು. ಗುಂಡು ಆ ಸಂದನ್ನು ಹಾರಿ ನಳಿಕೆಯೊಳಗೆ ನೇರವಾಗಿ ಹೊಕ್ಕಬೇಕು. ಓರೆಯಾಗಿ ಹೊಕ್ಕರೆ ಎಷ್ಟು ಒಳ್ಳೆಯ ಕೈಯಾದರೂ ಗುರಿ ತಪ್ಪುತ್ತದೆ. ಮೊದಲ ಪಟ್ಟಿ ಸಿಲಿಂಡರ್ ಮನೆಯ ಬಾಯಿಗೆ ಸರಿಯಾಗಿ ಕೂತರೆ ಗುಂಡು ಹೊರಡುವ ಮೊದಲೇ ನೇರವಾಗಿರುತ್ತದೆ.

ಪಟ್ಟಿಗಳ ನಡುವೆ ಆಳವಾದ, ಚೌಕಾಕಾರದ ಒಂದು ಕಾಲುವೆ. ಅದರಲ್ಲಿ ಗ್ರೀಸ್ ತುಂಬುತ್ತಾರೆ. ಗ್ರೀಸ್ ಇಲ್ಲದಿದ್ದರೆ ಮೆತ್ತನೆಯ ಸೀಸ ನಳಿಕೆಯೊಳಗಿನ ಸುರುಳಿ ಗೀರುಗಳಿಗೆ ಮೆತ್ತಿಕೊಳ್ಳುತ್ತದೆ. ಕೆಲವೇ ಸುತ್ತಿನಲ್ಲಿ ನಿಖರತೆ ಹಾಳಾಗುತ್ತದೆ. ಮೇಲೆ ಇಳಿಜಾರಾದ ಇನ್ನೊಂದು ಗೀರು. ಹಿತ್ತಾಳೆ ಕೇಸಿನ ಬಾಯನ್ನು ಅದರೊಳಕ್ಕೆ ಒತ್ತಿ ಗುಂಡನ್ನು ಬಿಗಿಮಾಡುತ್ತಾರೆ. ದೊಡ್ಡ ರಿವಾಲ್ವರ್ ಒದ್ದಾಗ ಉಳಿದ ಕಾಡತೂಸುಗಳ ಗುಂಡುಗಳು ಜಾರಿ ಮುಂದೆ ಬಂದರೆ ಸಿಲಿಂಡರ್ ತಿರುಗದೆ ಸಿಕ್ಕಿಕೊಳ್ಳುತ್ತದೆ. ಅದನ್ನು ತಡೆಯುವುದು ಈ ಬಿಗಿತ.

ಒಲೆಯ ಮುಂದಿನ ತಾಳ್ಮೆ

ಎರಕದ ಗುಂಡು ಮಾಡುವುದು ಅಡುಗೆಯಷ್ಟೇ ಹದ ಕೇಳುವ ಕೆಲಸ. ಶುದ್ಧ ಸೀಸ ತೀರಾ ಮೆತ್ತಗೆ. ಹಾಗಾಗಿ ತವರ ಬೆರೆಸುತ್ತಾರೆ. 16 ಭಾಗ ಸೀಸಕ್ಕೆ 1 ಭಾಗ ತವರ ಎಂಬುದು ಕೀತ್ ಮೆಚ್ಚಿದ ಹದ. ತವರ ಸೇರಿದರೆ ಮಿಶ್ರಣ ಗಟ್ಟಿಯಾಗುವುದಷ್ಟೇ ಅಲ್ಲ, ಅಚ್ಚಿನ ಮೂಲೆಮೂಲೆಗೂ ಸರಾಗವಾಗಿ ಹರಿಯುತ್ತದೆ. ಹೆಚ್ಚು ಗಟ್ಟಿಯಾದರೂ ಕಷ್ಟ. ಹಿಂದಿನಿಂದ ತಳ್ಳುವ ಅನಿಲಕ್ಕೆ ಗುಂಡಿನ ಬುಡ ತುಸು ಹಿಗ್ಗಿ ನಳಿಕೆಯನ್ನು ಮುಚ್ಚಬೇಕು. ಹಿಗ್ಗದಿದ್ದರೆ ಬಿಸಿ ಅನಿಲ ಪಕ್ಕದಿಂದ ನುಸುಳಿ ಸೀಸವನ್ನೇ ಕೊರೆದುಹಾಕುತ್ತದೆ.

ಅಚ್ಚು ತಣ್ಣಗಿದ್ದರೆ ಗುಂಡಿನ ಮೇಲೆ ಸುಕ್ಕು ಬೀಳುತ್ತದೆ. ಅತಿಯಾಗಿ ಕಾದರೆ ಮೈ ಮಂಜು ಕವಿದಂತೆ ಬಿಳಚಿಕೊಳ್ಳುತ್ತದೆ. ಮೊದಲ ಹತ್ತಾರು ಗುಂಡುಗಳನ್ನು ಮತ್ತೆ ಪಾತ್ರೆಗೇ ಹಾಕುವುದು ಎರಕದವರ ರೂಢಿ. ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಹೊರಗೆ ಕಾಣಿಸುವುದಿಲ್ಲ, ತಕ್ಕಡಿಯಲ್ಲಿ ತೂಗಿದಾಗ ಸಿಕ್ಕಿಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಗುಂಡಿನ ಬುಡ. ನಳಿಕೆಯ ತುದಿಯಿಂದ ಗುಂಡು ಹೊರಬೀಳುವ ಕ್ಷಣದಲ್ಲಿ ಹಿಂದಿನ ಅನಿಲ ಎಲ್ಲ ಕಡೆಯಿಂದಲೂ ಸಮನಾಗಿ ಬಿಡುಗಡೆಯಾಗಬೇಕು. ಬುಡದ ಒಂದಂಚು ಚೂರು ಮುಕ್ಕಾಗಿದ್ದರೂ ಅನಿಲ ಗುಂಡನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ. ಮೂತಿಯ ಮೇಲಿನ ಸಣ್ಣ ಗಾಯಕ್ಕಿಂತ ಬುಡದ ಸಣ್ಣ ಗಾಯ ಹೆಚ್ಚು ಹಾನಿ ಮಾಡುತ್ತದೆ.

ಕೀತ್ ಇದನ್ನೆಲ್ಲ ಸಾವಿರಾರು ಗುಂಡು ಹಾರಿಸಿ ಕಲಿತರು. ಒತ್ತಡ ಅಳೆಯುವ ಯಂತ್ರ ಅವರ ಬಳಿ ಇರಲಿಲ್ಲ. ಹಾರಿಸಿದ ಕೇಸು ಸಿಲಿಂಡರ್‌ನಿಂದ ಸಲೀಸಾಗಿ ಬರುತ್ತದೆಯೇ, ಕೇಪು ಎಷ್ಟು ಚಪ್ಪಟೆಯಾಗಿದೆ ಎಂಬಂಥ ಗುರುತುಗಳೇ ಅವರ ಮಾಪಕ. ಹರ್ಕ್ಯುಲಿಸ್ ಕಂಪನಿಯ '2400' ಎಂಬ ನಿಧಾನವಾಗಿ ಉರಿಯುವ ಮದ್ದು ಬಂದ ಮೇಲೆ ಅವರ .44 ಗುಂಡಿನ ವೇಗ ಸೆಕೆಂಡಿಗೆ ಸುಮಾರು 1,200 ಅಡಿಗೆ ಏರಿತು.

ಸೂಟ್‌ಕೇಸ್ ತುಂಬ ರಿವಾಲ್ವರ್ ತಂದ ಗೆಳೆಯ

ಕೀತ್ ಬರಹ ಓದಿ ಫಿಲಡೆಲ್ಫಿಯಾದ ಹೆರಾಲ್ಡ್ ಕ್ರಾಫ್ಟ್ ಎಂಬ ರಿವಾಲ್ವರ್ ಪ್ರಿಯರು ಓರೆಗಾನ್‌ನ ಜಾನುವಾರು ಕೇಂದ್ರಕ್ಕೆ ಹುಡುಕಿಕೊಂಡು ಬಂದರು. ಜೊತೆಗೆ ತಾವು ಬದಲಾಯಿಸಿಕೊಂಡ ರಿವಾಲ್ವರ್‌ಗಳಿದ್ದ ಸೂಟ್‌ಕೇಸ್. ದೂರದ ಗುರಿಗೆ ರಿವಾಲ್ವರ್‌ನಲ್ಲಿ ಹೊಡೆಯಲು ಸಾಧ್ಯವೇ ಎಂಬುದೇ ಇಬ್ಬರ ನಡುವಿನ ಚರ್ಚೆ. ಕೀತ್ ಹೊಡೆದು ತೋರಿಸಿದರು.

ಆ ಸ್ನೇಹದಿಂದ ಹುಟ್ಟಿದ್ದು 'ನಂಬರ್ 5' ಎಂಬ ರಿವಾಲ್ವರ್. ಹಿಡಿಯ ಆಕಾರದಿಂದ ಗುರಿ ನೋಡುವ ಸೈಟ್‌ವರೆಗೆ ಎಲ್ಲವನ್ನೂ ಕೀತ್ ತಮ್ಮ ಅಳತೆಗೆ ಮಾಡಿಸಿಕೊಂಡರು. 1929ರಲ್ಲಿ 'ಅಮೆರಿಕನ್ ರೈಫಲ್‌ಮನ್'ನಲ್ಲಿ ಅದರ ಬಗ್ಗೆ ಲೇಖನ ಪ್ರಕಟವಾದಾಗ ಓದುಗರಲ್ಲಿ ದೊಡ್ಡ ಸಂಚಲನ. ಆ ರಿವಾಲ್ವರ್ ಕೂಡ .44 ಸ್ಪೆಷಲ್ಲೇ.

1935ರಲ್ಲಿ ಸ್ಮಿತ್ ಆ್ಯಂಡ್ ವೆಸನ್ .357 ಮ್ಯಾಗ್ನಂ ಹೊರತಂದಿತು. ಡಗ್ಲಸ್ ವೆಸನ್ ಮತ್ತು ಫಿಲಿಪ್ ಶಾರ್ಪ್ ಅದರ ಮುಖ್ಯ ರೂವಾರಿಗಳು. .38ರ ಭಾರೀ ಗುಂಡುಗಳ ಮೇಲೆ ಕೀತ್ ಮಾಡಿದ್ದ ಪ್ರಯೋಗಗಳೂ ಅದಕ್ಕೆ ಹಾದಿ ಮಾಡಿದ್ದವು. ಲೋಕವೆಲ್ಲ ಅದನ್ನು ಕೊಂಡಾಡಿತು. ಕೀತ್ ಮಾತ್ರ .44 ಇನ್ನೂ ಮೇಲು ಎನ್ನುತ್ತಲೇ ಇದ್ದರು. 1936ರಲ್ಲಿ ರಿವಾಲ್ವರ್ ಕಾಡತೂಸುಗಳ ಬಗ್ಗೆ ಪುಸ್ತಕ ಬರೆದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಯೂಟಾದ ಆಗ್ಡನ್ ಶಸ್ತ್ರಾಗಾರದಲ್ಲಿ ತಪಾಸಕರಾಗಿ ದುಡಿದರು. ಅವರು ಪರೀಕ್ಷಿಸಿದ ಬಂದೂಕುಗಳ ಮೇಲೆ ಒತ್ತಿದ 'ಓಜಿಇಕೆ' ಎಂಬ ಮುದ್ರೆಯನ್ನು ಸಂಗ್ರಾಹಕರು ಇಂದಿಗೂ ಹುಡುಕುತ್ತಾರೆ. ಆಗ್ಡನ್ ಜೊತೆ ಎಲ್ಮರ್ ಕೀತ್ ಹೆಸರಿನ ಮೊದಲಕ್ಷರಗಳು ಅವು.

ಮೂರು ದಶಕದ ಹಟ ಗೆದ್ದಾಗ

ಕಂಪನಿಗಳಿಗೆ ಕೀತ್ ಬರೆದ ಪತ್ರಗಳಿಗೆ ಲೆಕ್ಕವಿಲ್ಲ. ಬೇಡಿಕೆ ಒಂದೇ: 250 ಗ್ರೇನ್ ಗುಂಡು, 1,200 ಅಡಿ ವೇಗ, ಅದನ್ನು ತಾಳುವ ರಿವಾಲ್ವರ್. ಕಂಪನಿಗಳಿಗೆ ಇದ್ದ ಭಯವೂ ನ್ಯಾಯವಾದದ್ದೇ. ಊರೂರಿನಲ್ಲಿ ಹಳೇ .44 ರಿವಾಲ್ವರ್‌ಗಳಿದ್ದವು. ಬಲವಾದ ಹೊಸ ಕಾಡತೂಸನ್ನು ಯಾರಾದರೂ ಅವುಗಳಲ್ಲಿ ತುಂಬಿದರೆ? 1925ರ ಜುಲೈ 4 ಮನೆಮನೆಯಲ್ಲೂ ಮರುಕಳಿಸುತ್ತಿತ್ತು.

ಪರಿಹಾರ ಸರಳವಾಗಿತ್ತು. ರೆಮಿಂಗ್ಟನ್ ಕಂಪನಿ ಹೊಸ ಕಾಡತೂಸಿನ ಕೇಸನ್ನು ಸುಮಾರು ಎಂಟನೇ ಒಂದು ಇಂಚು ಉದ್ದ ಮಾಡಿತು. ಹಳೇ .44 ಸ್ಪೆಷಲ್ ರಿವಾಲ್ವರ್‌ನ ಮನೆಯೊಳಗೆ ಅದು ಪೂರ್ತಿ ಕೂರುವುದಿಲ್ಲ, ಸಿಲಿಂಡರ್ ಮುಚ್ಚುವುದಿಲ್ಲ. ಹೀಗೆ 1955ರ ಕೊನೆಗೆ ಸ್ಮಿತ್ ಆ್ಯಂಡ್ ವೆಸನ್ ಮತ್ತು ರೆಮಿಂಗ್ಟನ್ ಜೊತೆಗೂಡಿ .44 ಮ್ಯಾಗ್ನಂ ಸಿದ್ಧಪಡಿಸಿದವು. 1956ರಲ್ಲಿ ಅದು ಮಾರುಕಟ್ಟೆಗೆ ಬಂತು. ಮೊದಮೊದಲು ತಯಾರಾದವುಗಳಲ್ಲಿ ಒಂದು ಕೀತ್ ಕೈ ಸೇರಿತು. ಅವರ 'ಸಿಕ್ಸ್‌ಗನ್ಸ್' ಪುಸ್ತಕ ಬಂದದ್ದೂ 1955ರಲ್ಲೇ.

ಕಂಪನಿಗಳು ಕೀತ್ ಕೇಳಿದ್ದಕ್ಕಿಂತಲೂ ಹೆಚ್ಚಿನ ವೇಗವನ್ನೇ ಕೊಟ್ಟವು. ಆದರೆ ಕಾರ್ಖಾನೆಯ ಗುಂಡಿನ ಸೀಸ ಮೆತ್ತಗಿದೆ, ನಳಿಕೆಗೆ ಮೆತ್ತಿಕೊಳ್ಳುತ್ತದೆ ಎಂದು ಅವರು ತಕರಾರು ತೆಗೆದರು. ಮತ್ತೆ ತಮ್ಮ ಹಳೇ 429421 ಅಚ್ಚಿಗೇ ಮರಳಿದರು. 1964ರಲ್ಲಿ ಬಂದ .41 ಮ್ಯಾಗ್ನಂ ಹಿಂದೆಯೂ ಬಿಲ್ ಜೋರ್ಡನ್, ಸ್ಕೀಟರ್ ಸ್ಕೆಲ್ಟನ್ ಜೊತೆಗೆ ಕೀತ್ ಒತ್ತಾಯವಿತ್ತು.

ನಂಬಿದವರು, ನಂಬದವರು

ಕೀತ್ ಬದುಕಿನ ಅತಿ ವಿವಾದದ ಘಟನೆ ಒಂದು ಜಿಂಕೆಗೆ ಸಂಬಂಧಿಸಿದ್ದು. ಜೊತೆಗಾರನ ರೈಫಲ್ ಗುಂಡಿನಿಂದ ಗಾಯಗೊಂಡ ಜಿಂಕೆ ಬೆಟ್ಟ ಹತ್ತಿ ತಪ್ಪಿಸಿಕೊಳ್ಳುತ್ತಿತ್ತು. ತಾನು .44 ಮ್ಯಾಗ್ನಂ ರಿವಾಲ್ವರ್‌ನಿಂದಲೇ ಸುಮಾರು 600 ಗಜ ದೂರದಿಂದ ಹಲವು ಗುಂಡು ಹಾರಿಸಿ ಅದನ್ನು ಉರುಳಿಸಿದೆ ಎಂದು ಕೀತ್ ಬರೆದರು. 600 ಗಜ ಅಂದರೆ ಅರ್ಧ ಕಿಲೋಮೀಟರ್‌ಗಿಂತ ಹೆಚ್ಚು. ಹಲವರು ನಕ್ಕರು, ಸುಳ್ಳುಗಾರ ಎಂದೂ ಕರೆದರು. ಗಾಯಗೊಂಡ ಪ್ರಾಣಿಯನ್ನು ನರಳಲು ಬಿಡಬಾರದೆಂದು ಹೊಡೆದೆ, ಇಲ್ಲದಿದ್ದರೆ ಅಷ್ಟು ದೂರಕ್ಕೆ ಯತ್ನಿಸುತ್ತಿರಲಿಲ್ಲ ಎಂಬುದು ಅವರ ಸಮರ್ಥನೆ. ಕೊನೆಯವರೆಗೂ ಆ ಮಾತಿನಿಂದ ಹಿಂದೆ ಸರಿಯಲಿಲ್ಲ. 1979ರಲ್ಲಿ ಬಂದ ಅವರ ಆತ್ಮಕಥೆಯ ಶೀರ್ಷಿಕೆಯೇ ತಾನು ಅಲ್ಲಿದ್ದೆ ಎಂದು ಅನುಮಾನಿಸುವವರಿಗೆ ಕೊಟ್ಟ ಉತ್ತರದಂತಿದೆ.

ಇನ್ನೊಂದು ಜಗಳ ಜಾಕ್ ಓಕಾನರ್ ಜೊತೆಗಿನದು. ಓಕಾನರ್ ಪ್ರಾಧ್ಯಾಪಕರಾಗಿದ್ದವರು, ನಯವಾದ ಬರಹಗಾರ, ಚಿಕ್ಕ ಗಾತ್ರದ ವೇಗದ .270 ರೈಫಲ್ ಪರ. ಕೀತ್ ಹೆಚ್ಚು ಶಾಲೆ ಕಾಣದವರು, ಒರಟು ಭಾಷೆ, ದೊಡ್ಡ ಗಾತ್ರದ ಭಾರೀ ಗುಂಡಿನ ಪರ. ಇಬ್ಬರ ಬೆಂಬಲಿಗರು ದಶಕಗಳ ಕಾಲ ಪತ್ರಿಕೆಗಳ ಪುಟಗಳಲ್ಲಿ ಕಾದಾಡಿದರು.

ಕೀತ್ ಹೇಳಿದ್ದೆಲ್ಲ ಇಂದು ವೇದವಾಕ್ಯವಲ್ಲ. ಪ್ರಯೋಗಾಲಯದಲ್ಲಿ ಒತ್ತಡ ಅಳೆಯುವುದು ಸುಲಭವಾದ ಮೇಲೆ, .44 ಸ್ಪೆಷಲ್‌ಗೆ ಅವರು ಬಳಸುತ್ತಿದ್ದ ಮದ್ದಿನ ಪ್ರಮಾಣ ಈಗಿನ ಸುರಕ್ಷತಾ ಮಿತಿಯನ್ನು ಮೀರುತ್ತದೆ ಎಂಬುದು ಸ್ಪಷ್ಟವಾಗಿದೆ. ಇಂದಿನ ಕೈಪಿಡಿಗಳು ಅದಕ್ಕಿಂತ ಕಡಿಮೆ ಪ್ರಮಾಣವನ್ನೇ ಹೇಳುತ್ತವೆ. ಆದರೆ ಗುಂಡಿನ ಆಕಾರದ ವಿಷಯದಲ್ಲಿ, ಅಳತೆ ಹೊಂದಿಕೆಯ ವಿಷಯದಲ್ಲಿ ಅವರ ಮಾತು ನಿಂತಿದೆ.

ಭಾರತದ ಓದುಗರಿಗೆ ಒಂದು ಮಾತು. ಅಮೆರಿಕದಲ್ಲಿ ಮನೆಯಲ್ಲೇ ಕಾಡತೂಸು ತುಂಬಿಕೊಳ್ಳುವುದು ಸಾಮಾನ್ಯ ಹವ್ಯಾಸ. ನಮ್ಮಲ್ಲಿ ಶಸ್ತ್ರಾಸ್ತ್ರ ಕಾಯ್ದೆ 1959ರ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಶಿಕಾರಿಯ ಕಾಲವೂ ಮುಗಿದಿದೆ.

ಕೊನೆಯ ದಿನಗಳು

1960ರಿಂದ ಕೀತ್ 'ಗನ್ಸ್ ಆ್ಯಂಡ್ ಆಮೊ' ಪತ್ರಿಕೆಯ ಅಂಕಣಕಾರರಾದರು. 1950ರ ದಶಕದ ಕೊನೆಯಲ್ಲಿ ಪೂರ್ವ ಆಫ್ರಿಕಕ್ಕೂ ಹೋಗಿಬಂದಿದ್ದರು. ಆ ಅನುಭವ 1968ರಲ್ಲಿ ಪುಸ್ತಕವಾಯಿತು. 1973ರಲ್ಲಿ ಅಮೆರಿಕದ ಅತ್ಯುತ್ತಮ ಹ್ಯಾಂಡ್‌ಗನ್ ಶೂಟರ್‌ಗೆ ಕೊಡುವ ಪ್ರಶಸ್ತಿ ಮೊದಲ ಬಾರಿಗೆ ಸ್ಥಾಪನೆಯಾದಾಗ ಅದು ಸಂದದ್ದು ಅವರಿಗೆ. 'ಡರ್ಟಿ ಹ್ಯಾರಿ'ಯಿಂದಾಗಿ ರಿವಾಲ್ವರ್ ಕೊಂಡ ಹೊಸ ಪೀಳಿಗೆ, ಈ ಗುಂಡಿನ ಮೂಲ ಹುಡುಕುತ್ತ ಐಡಹೊದ ಮುದುಕನನ್ನು ಓದತೊಡಗಿತ್ತು.

1981ರಲ್ಲಿ ಪಾರ್ಶ್ವವಾಯು ಬಡಿಯಿತು. ಅಲ್ಲಿಗೆ ಬರವಣಿಗೆ ನಿಂತಿತು. ಬೆಂದ ಕೈಯನ್ನೇ ಪಳಗಿಸಿ ಬದುಕು ಕಟ್ಟಿಕೊಂಡಿದ್ದ ಮನುಷ್ಯ ಕೊನೆಯ ವರ್ಷಗಳನ್ನು ಹಾಸಿಗೆಯಲ್ಲಿ ಕಳೆಯಬೇಕಾಯಿತು. 1984ರ ಫೆಬ್ರುವರಿ 14ರಂದು ಬಾಯ್ಸಿಯಲ್ಲಿ ಕೊನೆಯುಸಿರೆಳೆದರು. ಆಗ ಅವರಿಗೆ 84 ವರ್ಷ.

ಅವರ ಬಂದೂಕುಗಳ ಸಂಗ್ರಹ 2015ರಲ್ಲಿ ಹರಾಜಾಗಿ ಹಂಚಿಹೋಯಿತು. ಪ್ರಸಿದ್ಧ 'ನಂಬರ್ 5' ಕೂಡ ಅದರಲ್ಲಿತ್ತು. ಅಂಥ ರಿವಾಲ್ವರ್ ಒಬ್ಬರ ಕಪಾಟಿನಲ್ಲಷ್ಟೇ ಇರಲು ಸಾಧ್ಯ. ಅವರು ಬಿಡಿಸಿದ ಗುಂಡಿನ ನಕ್ಷೆಗೆ ಆ ಮಿತಿಯಿಲ್ಲ. ಬಿಡುವಿನ ದಿನ ಒಲೆಯ ಮೇಲೆ ಸೀಸ ಕಾಯಿಸಿಟ್ಟು, ಕೀತ್ ಮಾದರಿಯ ಅಚ್ಚು ತೆರೆದು, ಮೂರು ಪಟ್ಟಿಯ ಗುಂಡಿನ ಬುಡ ಮುಕ್ಕಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವವರು ಅಮೆರಿಕದ ಊರೂರುಗಳಲ್ಲಿ ಈಗಲೂ ಇದ್ದಾರೆ.